ಲ್ಯಾಬಿನಿಂದ ವಿಸಿ ಕುರ್ಚಿಗೆ, ಅಲ್ಲಿಂದ ಸರ್ಕಾರದ ಸಮಿತಿಗೆ: ನನ್ನ ಅನುಭವ

ಪುಣೆಯ ಕಾಲೇಜುಗಳಲ್ಲಿ ಪಾಠ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರು ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಹೆಚ್ಚಾಗಿ ಇದನ್ನೇ ಕೇಳುತ್ತಾರೆ. "ಮೇಡಂ, ಫಿಸಿಕ್ಸ್‌ನಲ್ಲಿದ್ದವರು ವೈಸ್ ಚಾನ್ಸಲರ್ ಹೇಗಾದಿರಿ? ಸರ್ಕಾರದವರು ನಿಮ್ಮನ್ನು ಯಾಕೆ ಕರೆಯುತ್ತಾರೆ?" ಚಹಾ ಕಪ್ಪು ಹಿಡಿದುಕೊಂಡು ನಿಂತಲ್ಲೇ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಇಂಥದ್ದೇ ದಾರಿ ಅಂತ ಇಲ್ಲ. ವಿಸಿ ಆಗಬೇಕು ಅಂತ ಯಾರೂ ಪಿಎಚ್‌ಡಿಗೆ ಸೇರುವುದಿಲ್ಲ, ಸೇರಲೂಬಾರದು. ಆದರೆ ಫಿಸಿಕ್ಸ್ ನನಗೆ ಒಂದು ಅಭ್ಯಾಸ ಹಚ್ಚಿತು. ಯಾರಾದರೂ ಒಂದು ಅಂಕಿ ಮುಂದಿಟ್ಟರೆ, ಇದನ್ನು ಹೇಗೆ ಅಳೆದಿರಿ ಅಂತ ಕೇಳುವುದು. ವಿಭಾಗದ ಮುಖ್ಯಸ್ಥೆ ಆದಾಗ, ವಿಸಿ ಆದಾಗ, ಮುಂಬೈಯಲ್ಲಿ ಸಮಿತಿಯ ಮೇಜಿನ ಮುಂದೆ ಕೂತಾಗ, ಎಲ್ಲ ಕಡೆ ನನ್ನ ಕೈ ಹಿಡಿದಿದ್ದು ಆ ಪ್ರಶ್ನೆಯೇ. ಕ್ವಾಂಟಮ್ ಮೆಕ್ಯಾನಿಕ್ಸ್ ಅಲ್ಲಿ ಯಾರಿಗೂ ಬೇಕಾಗಲಿಲ್ಲ.

ನಾನು ಓದಿದ್ದು ಧಾರವಾಡದಲ್ಲಿ. ಬಿಎಸ್ಸಿ ಕರ್ನಾಟಕ ಕಾಲೇಜು, ಎಂಎಸ್ಸಿ ಕರ್ನಾಟಕ ವಿಶ್ವವಿದ್ಯಾಲಯ. ನಮ್ಮ ಕಡೆಯವರಿಗೆ ಮುಂಬೈ, ಪುಣೆ ಪರ ಊರು ಅಂತ ಅನಿಸುವುದೇ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದದ್ದು. ಅದಕ್ಕೂ ಮುಂಚೆ ಧಾರವಾಡದ ಹುಡುಗರು ಬರೆಯುತ್ತಿದ್ದದ್ದು ಮುಂಬೈ ವಿಶ್ವವಿದ್ಯಾಲಯದ ಪರೀಕ್ಷೆ. ಮನೆಯಲ್ಲಿ ಡಿ.ಸಿ. ಪಾವಟೆಯವರ ಹೆಸರು ಆಗಾಗ ಬರುತ್ತಿತ್ತು. ಗೋಕಾಕ ಕಡೆಯವರು, ಕೇಂಬ್ರಿಜ್‌ನಲ್ಲಿ ಗಣಿತ ಓದಿದವರು. ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದರು, 1954ರಿಂದ 1967ರವರೆಗೆ ಧಾರವಾಡದಲ್ಲಿ ವಿಸಿ ಆಗಿದ್ದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. "ಗಣಿತದವರು ಕಟ್ಟಿದ ಯುನಿವರ್ಸಿಟಿ ನೋಡವಾ ಇದು" ಅಂತ ಅಪ್ಪ ಹೇಳುತ್ತಿದ್ದರು. ವಿಜ್ಞಾನ ಓದಿದವರು ಆಡಳಿತಕ್ಕೆ ಹೋದರೆ ಅದು ಓದಿಗೆ ಮಾಡಿದ ದ್ರೋಹ ಅನ್ನುವ ಮಾತು ನಮ್ಮ ಮನೆಯಲ್ಲಿ ಇರಲೇ ಇಲ್ಲ. ಪುಣೆಗೆ ಬಂದ ಮೇಲೆ ಆ ಮಾತನ್ನು ಬಹಳ ಸಲ ಕೇಳಿದ್ದೇನೆ. ಈಗಲೂ ಒಪ್ಪುವುದಿಲ್ಲ.

ಪಿಎಚ್‌ಡಿಗೆ ಪುಣೆಗೆ ಬಂದೆ. ವಿಷಯ ತೆಳು ಪದರಗಳು. ಗಾಜಿನ ಗಂಟೆಯಂಥ ಜಾರ್ ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಎಳೆದುಹಾಕಿ, ಒಳಗೆ ಲೋಹ ಕಾಯಿಸಿ, ಅದರ ಆವಿ ಗಾಜಿನ ಮೇಲೆ ಕೂರುವ ಹಾಗೆ ಮಾಡುವುದು. ಮೊದಲು ರೋಟರಿ ಪಂಪ್, ಆಮೇಲೆ ಡಿಫ್ಯೂಷನ್ ಪಂಪ್. ಹೇಳುವುದಕ್ಕೆ ಸಲೀಸು. ಎಲ್ಲೋ ಕೂದಲೆಳೆಯಷ್ಟು ಸೀಳಿದ್ದರೂ ನಿರ್ವಾತ ನಿಲ್ಲುವುದಿಲ್ಲ, ಒಂದೊಂದು ಜೋಡಣೆಯ ಮೇಲೂ ಅಸಿಟೋನ್ ಹನಿ ಬಿಡುತ್ತಾ ಒಳಗಿನ ಒತ್ತಡ ತೋರಿಸುವ ಪಿರಾನಿ ಗೇಜಿನ ಮುಳ್ಳು ಎಲ್ಲಿ ಅಲುಗುತ್ತದೆ ಅಂತ ಕಾಯಬೇಕು, ಅಷ್ಟರಲ್ಲಿ ಕರೆಂಟ್ ಹೋದರೆ ಪಂಪಿನ ಎಣ್ಣೆ ವಾಪಸ್ ಒಳಗೆ ನುಗ್ಗಿ ಎಲ್ಲ ಬಿಚ್ಚಿ ತೊಳೆಯುವ ಕೆಲಸ.

ಪದರದ ದಪ್ಪ ಅಳೆಯಲು ಒಂದು ಕ್ವಾರ್ಟ್ಜ್ ಹರಳು ಇರುತ್ತದೆ. ಅದರ ಮೇಲೆ ಲೋಹ ಕೂತಂತೆ ಅದರ ಕಂಪನ ನಿಧಾನವಾಗುತ್ತದೆ. ಅದನ್ನು ನೋಡಿ ಯಂತ್ರ ಇಷ್ಟು ನ್ಯಾನೋಮೀಟರ್ ಅಂತ ತೋರಿಸುತ್ತದೆ. ನಾನು ಅದನ್ನೇ ಬರೆದು ನನ್ನ ಗೈಡ್ ಹತ್ತಿರ ಒಯ್ದಾಗ ಅವರು ಕೇಳಿದ್ದು ಬೇರೆ. ಹರಳು ಎಲ್ಲಿ ಕೂತಿದೆ, ಗಾಜು ಎಲ್ಲಿ ಕೂತಿದೆ? ಎರಡರ ಮೇಲೂ ಬೀಳುವ ಲೋಹ ಒಂದೇ ಅಂತ ಯಾರು ಹೇಳಿದರು? ಸಾಂದ್ರತೆ ಯಾವುದು ಹಾಕಿದೆ, ಲೋಹದ ದೊಡ್ಡ ಗಟ್ಟಿಯದೋ, ತೆಳು ಪದರದ್ದೋ? ಇನ್ನೊಂದು ವಿಧಾನದಲ್ಲಿ ಅಳೆದು ನೋಡಿದ್ದೀಯಾ? ಇಷ್ಟಕ್ಕೂ ಉತ್ತರ ಹುಡುಕಿದ ಮೇಲೆ ಆ ಅಂಕಿ ನನ್ನದಾಯಿತು. ಅಲ್ಲಿವರೆಗೆ ಅದು ಯಂತ್ರದ್ದು.

ವಿಭಾಗದ ಮುಖ್ಯಸ್ಥೆ ಆದಾಗ ಸಿಕ್ಕಿದ್ದು ಖರೀದಿ. ಸಂಶೋಧನೆ ಮಾಡುವವರ ಅರ್ಧ ಆಯುಷ್ಯ ಇದರಲ್ಲೇ ಹೋಗುತ್ತದೆ ಅಂದರೆ ಜಾಸ್ತಿ ಹೇಳಿದ ಹಾಗಲ್ಲ. ಮೂರು ಕೊಟೇಷನ್, ಟೆಂಡರ್, ಎಲ್1, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆ ಹೇಳಿದವರಿಗೆ ಆರ್ಡರ್. ವರ್ಷದ ಕೊನೆಗೆ ಯುಟಿಲೈಸೇಷನ್ ಸರ್ಟಿಫಿಕೇಟ್, ಅಂದರೆ ಕೊಟ್ಟ ಹಣ ಯಾವುದಕ್ಕೆ ಖರ್ಚಾಯಿತು ಅಂತ ಬರೆದುಕೊಡುವ ಪತ್ರ. ಅದು ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ, ಸ್ಕಾಲರ್ ಹುಡುಗರ ಫೆಲೋಶಿಪ್ ನಿಲ್ಲುತ್ತದೆ. ನಾನು ಮಾಡಿದ ಮೊದಲ ಆಡಳಿತದ ಕೆಲಸ ಅಂದರೆ ಹಣಕಾಸು ವಿಭಾಗಕ್ಕೆ ಹೋಗಿ ಅಲ್ಲಿನ ಗುಮಾಸ್ತರ ಪಕ್ಕ ಕುರ್ಚಿ ಹಾಕಿಕೊಂಡು ಒಂದು ಬಿಲ್ಲು ಯಾರ್ಯಾರ ಮೇಜು ದಾಟಿ ಚೆಕ್ಕಾಗುತ್ತದೆ ಅಂತ ನೋಡಿದ್ದು. ಸ್ಪೆಸಿಫಿಕೇಷನ್ ಬರೆಯುವುದನ್ನೂ ಅಲ್ಲೇ ಕಲಿತೆ. ನಮಗೆ ಬೇಕಾದ ಗುಣಮಟ್ಟವನ್ನು ಅಳೆಯಲು ಬರುವ ಹಾಗೆ ಬರೆದರೆ, ಉದಾಹರಣೆಗೆ ಪಂಪ್ ಇಷ್ಟು ಹೊತ್ತಿನಲ್ಲಿ ಇಷ್ಟು ಒತ್ತಡಕ್ಕೆ ಇಳಿಸಬೇಕು, ನಮ್ಮ ಕಣ್ಣೆದುರೇ ಇಳಿಸಿ ತೋರಿಸಬೇಕು ಅಂತ ಬರೆದರೆ, ಎಲ್1 ನಿಯಮದಲ್ಲೂ ಒಳ್ಳೆಯ ಸಾಮಾನೇ ಬರುತ್ತದೆ. "ಉತ್ತಮ ಗುಣಮಟ್ಟದ್ದು" ಅಂತ ಬರೆದರೆ ಏನು ಬೇಕಾದರೂ ಬರಬಹುದು. 2025ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಂಶೋಧನಾ ಸಂಸ್ಥೆಗಳಿಗೆ ಖರೀದಿ ನಿಯಮ ಸಡಿಲ ಮಾಡಿತು. ಕೊಟೇಷನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿತು, 200 ಕೋಟಿವರೆಗಿನ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಡುವ ಅಧಿಕಾರ ಸಂಸ್ಥೆಯ ನಿರ್ದೇಶಕರಿಗೆ, ವಿಸಿಗಳಿಗೆ ಬಂತು. ನಮ್ಮ ತಲೆಮಾರು ಎಷ್ಟು ವರ್ಷ ಬೇಡಿದ್ದು ಇದನ್ನು! ನಿಜವಾಗಿ ಖುಷಿಯಾಯಿತು.

ಈಗ ವಿಸಿ ಆಗುವುದು. ಮಹಾರಾಷ್ಟ್ರದಲ್ಲಿ ಇದಕ್ಕೆ 2016ರ ಕಾನೂನು ಇದೆ. ಜಾಹೀರಾತು ಬರುತ್ತದೆ, ಅರ್ಜಿ ಹಾಕಬೇಕು. ಪ್ರೊಫೆಸರ್ ಆಗಿ ಹತ್ತು ವರ್ಷ ಆಗಿರಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ಶೋಧನಾ ಸಮಿತಿ ಕರೆದು ಮಾತಾಡಿಸುತ್ತದೆ, ಐದು ಹೆಸರು ರಾಜ್ಯಪಾಲರಿಗೆ ಹೋಗುತ್ತದೆ, ಅವರು ಒಬ್ಬರನ್ನು ಆರಿಸುತ್ತಾರೆ. ಐದು ವರ್ಷ ಅಥವಾ 65 ವಯಸ್ಸು, ಯಾವುದು ಮೊದಲೋ ಅದು. ಅದೇ ವಿಶ್ವವಿದ್ಯಾಲಯದಲ್ಲಿ ಎರಡನೇ ಅವಧಿ ಇಲ್ಲ. ಇದು ಒಳ್ಳೆಯ ನಿಯಮ ಅಂತ ನನ್ನ ಅಭಿಪ್ರಾಯ. ಮುಂದಿನ ಅವಧಿಗಾಗಿ ಯಾರನ್ನೂ ಓಲೈಸಬೇಕಿಲ್ಲ.

ನನ್ನ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಮಹಾರಾಷ್ಟ್ರದ್ದು, ನೂರಾರು ಕಾಲೇಜುಗಳು ಸೇರಿಕೊಂಡಿರುವ ದೊಡ್ಡದು ಅಂದರೆ ಸಾಕು. ಇಂಥಲ್ಲಿ ವಿಸಿಗೆ ನಿದ್ದೆ ಕೆಡಿಸುವುದು ಸಂಶೋಧನೆ ಅಲ್ಲ, ಪರೀಕ್ಷೆ. ಕೊನೆಯ ಪೇಪರ್ ಮುಗಿದ 30 ದಿನದಲ್ಲಿ ಫಲಿತಾಂಶ ಕೊಡಬೇಕು, ಏನೇ ಆದರೂ 45 ದಿನ ದಾಟಬಾರದು ಅಂತ ಅದೇ ಕಾನೂನು ಹೇಳುತ್ತದೆ. ನಾನು ಕುರ್ಚಿಯಲ್ಲಿ ಕೂತಾಗ ನಮ್ಮಲ್ಲಿ ಕೆಲವು ಕೋರ್ಸ್‌ಗಳದ್ದು ಅದನ್ನು ದಾಟುತ್ತಲೇ ಇತ್ತು. ಒಂದು ಫಲಿತಾಂಶ ತಡವಾದರೆ ಏನಾಗುತ್ತದೆ ಗೊತ್ತಾ? ಬೇರೆ ಊರಿನಲ್ಲಿ ಎಂಎಸ್ಸಿ ಸೀಟು ಸಿಕ್ಕ ಹುಡುಗಿ ಅಂಕಪಟ್ಟಿ ತೋರಿಸಲಾಗದೆ ಸೀಟು ಕಳೆದುಕೊಳ್ಳುತ್ತಾಳೆ. ಒಂದು ವರ್ಷ ಮನೆಯಲ್ಲಿ ಕೂರುತ್ತಾಳೆ. ಎಷ್ಟೋ ಮನೆಗಳಲ್ಲಿ ಆ ಒಂದು ವರ್ಷದಲ್ಲಿ ಮದುವೆ ಆಗಿಬಿಡುತ್ತದೆ, ಓದು ಅಲ್ಲಿಗೆ ಮುಗಿಯುತ್ತದೆ. ನಾನು ಇದನ್ನು ಸೆನೆಟ್ ಸಭೆಯಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಫಲಿತಾಂಶದ ತಡ ಬರೀ ಆಡಳಿತದ ವಿಷಯ ಅಲ್ಲ.

ಕಾರಣ ಕೇಳಿದರೆ ಎಲ್ಲರ ಹತ್ತಿರವೂ ಒಂದು ಅಂಕಿ ಇತ್ತು. ಪರೀಕ್ಷಾ ವಿಭಾಗದವರು ಸಿಬ್ಬಂದಿ ಇಷ್ಟು ಕಡಿಮೆ ಅಂದರು. ಕಂಪ್ಯೂಟರ್ ವಿಭಾಗದವರು ಸರ್ವರ್ ಹಳೆಯದು ಅಂದರು. ಪ್ರಾಂಶುಪಾಲರು ಪೇಪರ್‌ಗಳ ಸಂಖ್ಯೆ ಜಾಸ್ತಿ ಅಂದರು. ಎಲ್ಲವೂ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಯಾವುದು ಎಷ್ಟು ದಿನ ತಿನ್ನುತ್ತದೆ ಅಂತ ಅಳೆದವರು ಯಾರೂ ಇರಲಿಲ್ಲ. ಹಾಗಾಗಿ ನಾನು ಮಾಡಿದ್ದು ಇಷ್ಟು. ಬೇರೆ ಬೇರೆ ಕೋರ್ಸ್‌ಗಳಿಂದ ಕೆಲವು ಉತ್ತರ ಪತ್ರಿಕೆ ಕಟ್ಟುಗಳನ್ನು ಆರಿಸಿ, ಪ್ರತಿ ಕಟ್ಟಿನ ಮೇಲೂ ಒಂದು ಚೀಟಿ ಅಂಟಿಸಿದೆವು. ಕಾಲೇಜಿನಿಂದ ಹೊರಟ ದಿನ, ಕ್ಯಾಪ್ ಸೆಂಟರ್ (ಎಲ್ಲ ಪತ್ರಿಕೆ ಒಂದೇ ಕಡೆ ತಿದ್ದುವ ಕೇಂದ್ರ) ಮುಟ್ಟಿದ ದಿನ, ಕೋಡಿಂಗ್ (ನಂಬರ್ ಮುಚ್ಚಿ ಗುಟ್ಟಿನ ಸಂಖ್ಯೆ ಹಾಕುವುದು) ಆದ ದಿನ, ಮೊದಲ ಮೌಲ್ಯಮಾಪನ, ಮಾಡರೇಷನ್ (ಇನ್ನೊಬ್ಬರು ಮತ್ತೆ ನೋಡುವುದು), ಅಂಕ ಏರಿಸಿದ ದಿನ, ಎಲ್ಲಕ್ಕೂ ಕೈಯಲ್ಲೇ ತಾರೀಕು ಹಾಕಿ ಸಹಿ ಮಾಡಬೇಕು. ಬೇರೇನೂ ಬೇಡ. ಹೊಸ ಸಾಫ್ಟ್‌ವೇರ್ ಕೂಡ ಬೇಡ. ಒಂದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಚಿತ್ರ ಕಣ್ಣೆದುರು ಬಂತು. ದಿನಗಳು ಹೋಗುತ್ತಿದ್ದದ್ದು ಕಂಪ್ಯೂಟರಿನಲ್ಲಿ ಅಲ್ಲ, ಸಾಗಾಟದಲ್ಲೂ ಅಲ್ಲ. ಕಟ್ಟುಗಳು ಕ್ಯಾಪ್ ಸೆಂಟರಿಗೆ ಬಂದು ಸುಮ್ನೆ ಕೂತಿರುತ್ತಿದ್ದವು. ತಿದ್ದುವವರು ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಅಂತ ಹೇಳಿದ್ದು ಯಾವ ಅಧಿಕಾರಿಯೂ ಅಲ್ಲ. ನಮ್ಮ ಕಚೇರಿಯಲ್ಲಿ ಅಕ್ಕಲಕೋಟೆ ಕಡೆಯ ಒಬ್ಬ ಜವಾನರಿದ್ದರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಕಡೆ ಮನೆಮನೆಯಲ್ಲೂ ಕನ್ನಡ, ಗೊತ್ತಲ್ವಾ. ನಾನು ಧಾರವಾಡದವಳು ಅಂತ ತಿಳಿದ ಮೇಲೆ ಅವರು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಒಂದು ಸಂಜೆ ಫೈಲು ಇಡುತ್ತಾ ಅಂದರು, "ಬಾಯಾರ, ಮಾಸ್ತರಗೋಳು ಯಾಕ ಬರ್ತಾರ್ರೀ? ಹೋದ ಸಲದ ಪೇಪರ್ ತಿದ್ದಿದ ರೊಕ್ಕನ ಇನ್ನೂ ಕೊಟ್ಟಿಲ್ಲಲ್ರೀ. ಬಿಲ್ಲಿನ ಗಂಟು ಅಲ್ಲೇ ಕಪಾಟಿನ್ಯಾಗ ಮಲಗೇದ." ಹೋಗಿ ನೋಡಿದರೆ ನಿಜ. ಪತ್ರಿಕೆ ತಿದ್ದಿದ ಸಂಭಾವನೆ, ಪ್ರಯಾಣ ಭತ್ಯೆ, ಎಲ್ಲ ಬಾಕಿ. ಒಂದು ಫಾರ್ಮಿನಲ್ಲಿ ಬ್ಯಾಂಕಿನ ಐಎಫ್‌ಎಸ್‌ಸಿ ಬರೆಯಲು ಜಾಗ ಇರಲಿಲ್ಲ, ಅದಕ್ಕೇ ಲೆಕ್ಕ ವಿಭಾಗ ವಾಪಸ್ ಕಳಿಸುತ್ತಿತ್ತು, ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ಮುಂದಿನ ಪರೀಕ್ಷೆ. ಫಾರ್ಮ್ ಬದಲಾಯಿಸಿದೆವು. ಹಳೆಯ ಬಾಕಿ ತೀರಿಸಿದೆವು. ತಿದ್ದುವ ಕೆಲಸ ಮುಗಿಸಿ ಹೊರಡುವ ಮೊದಲೇ ಬಿಲ್ಲು ಪಾಸಾಗಬೇಕು ಅಂತ ನಿಯಮ ಮಾಡಿದೆವು. ಮುಂದಿನ ವರ್ಷ ಬಹುತೇಕ ಫಲಿತಾಂಶಗಳು ಕಾನೂನಿನ ಗಡುವಿನೊಳಗೆ ಬಂದವು.

ಅದೇ ಹೊತ್ತಿಗೆ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ತೆರೆಯ ಮೇಲೆ ತಿದ್ದಿಸಿ ಅನ್ನುವ ಒತ್ತಾಯ ಎಲ್ಲ ಕಡೆ ಇತ್ತು. ನಾನು ವಿರೋಧಿ ಅಲ್ಲ. ಆದರೆ 2017ರಲ್ಲಿ ಮುಂಬೈ ವಿಶ್ವವಿದ್ಯಾಲಯ ಎಲ್ಲ ವಿಷಯಗಳಿಗೂ ಒಮ್ಮೆಗೇ ಅದನ್ನು ತಂದಾಗ ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಇಡೀ ರಾಜ್ಯವೇ ನೋಡಿದೆ. ಲ್ಯಾಬಿನಲ್ಲಿ ಹೊಸ ಉಪಕರಣ ಬಂದರೆ ಮೊದಲು ಗೊತ್ತಿರುವ ಸ್ಯಾಂಪಲ್ ಇಟ್ಟು ನೋಡುತ್ತೇವೆ. ಹಳೆಯದನ್ನು ಪಕ್ಕದಲ್ಲೇ ನಡೆಸುತ್ತೇವೆ. ಎರಡೂ ಒಂದೇ ಉತ್ತರ ಕೊಟ್ಟ ಮೇಲೆ ಹಳೆಯದನ್ನು ನಿಲ್ಲಿಸುತ್ತೇವೆ. ನಾವು ಒಂದು ಸಣ್ಣ ವಿಭಾಗದಲ್ಲಿ ಎರಡೂ ವಿಧಾನ ಜೊತೆಯಾಗಿ ನಡೆಸಿ, ಅಂಕಗಳನ್ನು ಹೋಲಿಸಿ, ಆಮೇಲೆ ಮುಂದುವರಿದೆವು. ನಿಧಾನ ಅಂತ ಬೈದವರಿದ್ದರು. ಬೈಯಲಿ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಸಿಎಚ್‌ಬಿ ಶಿಕ್ಷಕರು. ಕ್ಲಾಕ್ ಅವರ್ ಬೇಸಿಸ್. ಗಂಟೆ ಲೆಕ್ಕದಲ್ಲಿ ಪಾಠ ಮಾಡಿ, ಗಂಟೆ ಲೆಕ್ಕದಲ್ಲಿ ಸಂಬಳ ತೆಗೆದುಕೊಳ್ಳುವವರು. ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್, ಸೆಟ್, ಜೊತೆಗೆ ಪಿಎಚ್‌ಡಿ ಎಲ್ಲ ಮುಗಿಸಿ ರಜೆ ತಿಂಗಳಲ್ಲಿ ಕೈಯಲ್ಲಿ ಕಾಸಿಲ್ಲದೆ ಕೂರುವವರು. ಮಹಾರಾಷ್ಟ್ರದ ಕಾಲೇಜುಗಳು ನಿಂತಿರುವುದು ಇವರ ಹೆಗಲ ಮೇಲೆ. ಮಂಜೂರಾದ ಹುದ್ದೆ ತುಂಬದೆ ಇಂಥವರಿಂದ ಕೆಲಸ ತೆಗೆಯುವುದು ಅನ್ಯಾಯ ಅಂತ ನಾನು ವಿಸಿ ಆಗಿದ್ದಾಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಕೊನೆಗೆ ಮತ್ತೆ ಇದಕ್ಕೆ ಬರುತ್ತೇನೆ.

ಲ್ಯಾಬ್ ಏನಾಯಿತು ಅಂತ ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ವಿಸಿ ಆಗಿದ್ದುಕೊಂಡು ಲ್ಯಾಬ್ ನಡೆಸಲು ಆಗುವುದಿಲ್ಲ. ಆಗುತ್ತದೆ ಅನ್ನುವವರ ಪೇಪರುಗಳನ್ನು ಬರೆಯುತ್ತಿರುವುದು ಬೇರೆಯವರು. ನಾನು ಹುದ್ದೆ ಒಪ್ಪಿಕೊಳ್ಳುವ ಮೊದಲೇ ನನ್ನ ಹತ್ತಿರ ಇದ್ದ ವಿದ್ಯಾರ್ಥಿಗಳಿಗೆಲ್ಲ ಇನ್ನೊಬ್ಬ ಗೈಡನ್ನು ಜೊತೆಗೆ ಹಾಕಿಸಿದೆ, ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿದೆ, ಉಪಕರಣಗಳನ್ನು ಕಿರಿಯ ಸಹೋದ್ಯೋಗಿಗೆ ಬರವಣಿಗೆಯಲ್ಲಿ ಒಪ್ಪಿಸಿದೆ. ಪಾಠ ಮಾತ್ರ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಮೊದಲ ವರ್ಷದವರಿಗೆ ಎಲೆಕ್ಟ್ರಿಸಿಟಿ ಮ್ಯಾಗ್ನೆಟಿಸಂ. ಆ ತರಗತಿ ಇಲ್ಲದಿದ್ದರೆ ಟೈಮ್‌ಟೇಬಲ್ ಬದಲಾದದ್ದು, ಪ್ರಾಕ್ಟಿಕಲ್‌ಗೆ ಮೀಟರುಗಳಿಲ್ಲದ್ದು, ಹಾಸ್ಟೆಲಿನಲ್ಲಿ ನೀರಿಲ್ಲದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ. ವಿಸಿ ಹತ್ತಿರ ಬರುವ ಸುದ್ದಿ ನಾಲ್ಕು ಕೈ ದಾಟಿ ಬರುತ್ತದೆ. ಮಕ್ಕಳು ನೇರ ಹೇಳುತ್ತಾರೆ.

ಸರ್ಕಾರದ ಸಮಿತಿಗಳಿಗೆ ಕರೆ ಬಂದದ್ದು ಪರೀಕ್ಷೆಯ ಕೆಲಸ ನೋಡಿ. ಒಂದು ವರದಿ ಬರೆದಿದ್ದೆ, ಅದು ಯಾರದೋ ಕೈಗೆ ಸಿಕ್ಕಿತು, ಮುಂಬೈಯಿಂದ ಫೋನ್ ಬಂತು. ಅಲ್ಲಿಂದ ಡೆಕ್ಕನ್ ಕ್ವೀನ್ ರೈಲು ನನ್ನ ಎರಡನೇ ಮನೆಯಾಯಿತು. ಬೆಳಿಗ್ಗೆ 7:15ಕ್ಕೆ ಪುಣೆ ಬಿಟ್ಟರೆ ಹತ್ತೂವರೆ ಸುಮಾರಿಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ, ಅಲ್ಲಿಂದ ಟ್ಯಾಕ್ಸಿಯಲ್ಲಿ ನರಿಮನ್ ಪಾಯಿಂಟ್ ಕಡೆಗೆ ಸಚಿವಾಲಯದ ಕಟ್ಟಡ, ಸಂಜೆ ಅದೇ ಗಾಡಿಯಲ್ಲಿ ವಾಪಸ್. ಹೋಗುವಾಗ ಕಡತ ಓದಲು, ಬರುವಾಗ ಟಿಪ್ಪಣಿ ಬರೆಯಲು ಆ ಮೂರು ಮೂರು ಗಂಟೆ ಸರಿಹೋಗುತ್ತಿತ್ತು. ಇವತ್ತಿಗೂ ಕಾರಿನಲ್ಲಿ ಹೋಗುವುದಿಲ್ಲ.

ಫಿಸಿಕ್ಸ್‌ನವರು ಈ ಕೆಲಸಕ್ಕೆ ಹೋಗುವುದು ಹೊಸದಲ್ಲ. ನಮ್ಮ ತಿಪಟೂರಿನ ರಾಜಾ ರಾಮಣ್ಣ ಬಿಎಆರ್‌ಸಿ (ಭಾಭಾ ಅಣು ಸಂಶೋಧನಾ ಕೇಂದ್ರ) ನಿರ್ದೇಶಕರಾಗಿ, ರಕ್ಷಣಾ ಮಂತ್ರಿಯ ವೈಜ್ಞಾನಿಕ ಸಲಹೆಗಾರರಾಗಿ, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು. ಪುಣೆ ವಿಶ್ವವಿದ್ಯಾಲಯದ ಫಿಸಿಕ್ಸ್‌ನ ಅರುಣ್ ನಿಗವೇಕರ್ ಅವರು ಬೆಂಗಳೂರಿನಲ್ಲಿ ನ್ಯಾಕ್, ಅಂದರೆ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ಸಂಸ್ಥೆ, 1994ರಲ್ಲಿ ಶುರುವಾದಾಗ ಅದರ ಮೊದಲ ನಿರ್ದೇಶಕರು, ಆಮೇಲೆ ಪುಣೆಯ ವಿಸಿ, ಮುಂದೆ ಯುಜಿಸಿ ಅಧ್ಯಕ್ಷರು. ಆದರೆ ನಾನು ಎಲ್ಲರಿಗಿಂತ ಹೆಚ್ಚು ಓದಿಕೊಂಡಿದ್ದು ಡಿ.ಎಸ್. ಕೊಠಾರಿಯವರನ್ನು. ಕೇಂಬ್ರಿಜ್‌ನಲ್ಲಿ ಖಗೋಳ ಭೌತಶಾಸ್ತ್ರ ಮಾಡಿ ಬಂದವರು, ದಿಲ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 1948ರಿಂದ 1961ರವರೆಗೆ ರಕ್ಷಣಾ ಸಚಿವಾಲಯಕ್ಕೆ ಸಲಹೆಗಾರರು, 1961ರಿಂದ 1973ರವರೆಗೆ ಯುಜಿಸಿ ಅಧ್ಯಕ್ಷರು, ನಡುವೆ 1964-66ರ ಶಿಕ್ಷಣ ಆಯೋಗದ ಅಧ್ಯಕ್ಷರು.

ಆ ಆಯೋಗ ಅಂದ ಕೂಡಲೇ ಎಲ್ಲರೂ ಹೇಳುವ ಅಂಕಿ ಶೇ. 6. ರಾಷ್ಟ್ರೀಯ ಆದಾಯದ ಶೇ. 6 ಶಿಕ್ಷಣಕ್ಕೆ. 1968ರ ಶಿಕ್ಷಣ ನೀತಿಯಲ್ಲಿದೆ, 2020ರ ನೀತಿಯಲ್ಲೂ ಇದೆ. ಪ್ರತಿ ಸಭೆಯಲ್ಲೂ ಯಾರಾದರೂ ಇದನ್ನು ಹೇಳುತ್ತಾರೆ. ನಾನು ವರದಿ ತೆಗೆದು ಅದು ಎಲ್ಲಿಂದ ಬಂತು ಅಂತ ನೋಡಿದೆ. ಆಯೋಗದವರು ಸುಮ್ನೆ ಹೇಳಿದ್ದಲ್ಲ. ಆರ್ಥಿಕತೆ ವರ್ಷಕ್ಕೆ ಶೇ. 6ರಂತೆ ಬೆಳೆದರೆ, ಜನಸಂಖ್ಯೆ ಶೇ. 2.1ರಂತೆ ಬೆಳೆದರೆ, ತಲಾ ಶಿಕ್ಷಣ ವೆಚ್ಚ 1965-66ರ 12 ರೂಪಾಯಿಯಿಂದ 1985-86ಕ್ಕೆ 54 ರೂಪಾಯಿ ಆಗಬೇಕಾದರೆ, ಆಗ ಪಾಲು ಶೇ. 6 ಬೇಕಾಗುತ್ತದೆ ಅಂತ ಲೆಕ್ಕ. ಪ್ರತಿ ಊಹೆಯನ್ನೂ ಮುಂದೆ ಇಟ್ಟಿದ್ದಾರೆ. ಇದು ಫಿಸಿಕ್ಸ್‌ನವರು ಮಾಡುವ ಲೆಕ್ಕ. ನಾವು ಉತ್ತರ ಇಟ್ಟುಕೊಂಡು ಊಹೆಗಳನ್ನು ಬಿಟ್ಟುಬಿಟ್ಟೆವು. ಈಗಿನ ಮಕ್ಕಳ ಸಂಖ್ಯೆ, ಈಗಿನ ಸಂಬಳ, ಈಗಿನ ಲ್ಯಾಬ್ ಖರ್ಚು ಹಾಕಿ ಯಾರಾದರೂ ಮತ್ತೆ ಅದೇ ಪ್ರಾಮಾಣಿಕತೆಯಿಂದ ಲೆಕ್ಕ ಮಾಡಬೇಕು. ಜಾಸ್ತಿಯೇ ಬರಬಹುದು. ಸಂಶೋಧನೆಯ ವಿಷಯ ಇನ್ನೂ ಬೇಸರದ್ದು. 2020-21ರಲ್ಲಿ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ಜಿಡಿಪಿಯ ಶೇ. 0.64. ಈ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಸಮಿತಿಯಲ್ಲಿ ಕೆಲಸ ನಡೆಯುವ ರೀತಿ ಹೇಳುತ್ತೇನೆ. ಮೊದಲು ಜಿಆರ್, ಅಂದರೆ ಸರ್ಕಾರದ ಆದೇಶ ಬರುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ, ಏನು ಕೆಲಸ, ಎಷ್ಟು ದಿನ. ಅದರಲ್ಲಿ ಸಮಿತಿಗೆ ಕೇಳಿದ ಪ್ರಶ್ನೆಯನ್ನು ಹತ್ತು ಸಲ ಓದಿ. "ಗುಣಮಟ್ಟ ಸುಧಾರಣೆಗೆ ಸಲಹೆ" ಅಂತ ಇದ್ದರೆ ಮೊದಲ ಸಭೆಯಲ್ಲೇ ಕೇಳಿ ಬಿಡಿಸಿಕೊಳ್ಳಿ, ಯಾವ ಗುಣಮಟ್ಟ, ಯಾವುದರಿಂದ ಗೊತ್ತಾಗುತ್ತದೆ ಸುಧಾರಿಸಿತು ಅಂತ. ಸಭೆಯ ನಡಾವಳಿ ಬಂದ ದಿನವೇ ಓದಿ, ನೀವು ಹೇಳಿದ್ದು ಬಿಟ್ಟುಹೋಗಿದ್ದರೆ ಅವತ್ತೇ ಪತ್ರ ಬರೆಯಿರಿ. ಮುಂದಿನ ಸಭೆಗೆ ಅಂತ ಇಟ್ಟುಕೊಂಡರೆ ಅಷ್ಟರಲ್ಲಿ ಅದು ದಾಖಲೆ ಆಗಿರುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಭಿನ್ನಮತದ ಟಿಪ್ಪಣಿ ಬರೆದು ವರದಿಗೆ ಸೇರಿಸಲು ಕೇಳಿ. ಸಿಟ್ಟಿನಿಂದ ರಾಜೀನಾಮೆ ಕೊಟ್ಟರೆ ಮರುದಿನ ನಿಮ್ಮ ಜಾಗದಲ್ಲಿ ಇನ್ನೊಬ್ಬರು. ಟಿಪ್ಪಣಿ ಕಡತದಲ್ಲಿ ಉಳಿಯುತ್ತದೆ. ಮತ್ತೆ, ಮಂತ್ರಿ, ಕಾರ್ಯದರ್ಶಿ ಬದಲಾಗುತ್ತಾರೆ, ಆ ವಿಷಯದ ಫೈಲು ನೋಡುವ ಡೆಸ್ಕ್ ಅಧಿಕಾರಿ ಇರುತ್ತಾರೆ. ಹಿಂದೆ ಇದೇ ವಿಷಯಕ್ಕೆ ಎಷ್ಟು ಸಮಿತಿ ಆಗಿತ್ತು, ಯಾವ ಸಲಹೆ ಎಲ್ಲಿ ನಿಂತಿತು, ಎಲ್ಲ ಅವರಿಗೆ ಗೊತ್ತು. ನಾನು ಮೊದಲು ಹೋಗಿ ಮಾತಾಡಿಸುವುದು ಅವರನ್ನೇ.

ಟಿಪ್ಪಣಿ ಒಂದು ಪುಟ ದಾಟಬಾರದು. ಮೇಲೆ ಏನು ಮಾಡಬೇಕು, ಕೆಳಗೆ ಯಾಕೆ, ಅದರ ಕೆಳಗೆ ಎಷ್ಟು ಖರ್ಚು, ಕೊನೆಗೆ ನನಗೆ ಎಷ್ಟು ಖಾತ್ರಿ. ಈ ಕೊನೆಯದನ್ನು ಅಧಿಕಾರಿಗಳು ಮೊದಮೊದಲು ಇಷ್ಟಪಡುತ್ತಿರಲಿಲ್ಲ. "ಮೇಡಂ, ಹೌದೋ ಅಲ್ಲವೋ ಹೇಳಿಬಿಡಿ" ಅನ್ನುತ್ತಿದ್ದರು. ಆಮೇಲೆ ಒಬ್ಬ ಹಿರಿಯ ಅಧಿಕಾರಿಯೇ ಹೇಳಿದರು, ನೀವು ಖಾತ್ರಿ ಅಂತ ಬರೆದಾಗ ನಾವು ಧೈರ್ಯವಾಗಿ ಸಹಿ ಮಾಡುತ್ತೇವೆ, ಯಾಕಂದರೆ ಖಾತ್ರಿ ಇಲ್ಲದಾಗ ನೀವು ಇಲ್ಲ ಅಂತಲೇ ಬರೆಯುತ್ತೀರಿ ಅಂತ.

ಖಾತ್ರಿ ಇದ್ದರೂ ಸಾಲದು ಅನ್ನುವುದಕ್ಕೆ ನಮ್ಮ ಕೋಲಾರದಿಂದಲೇ ಒಂದು ಕಥೆ ಶುರುವಾಗುತ್ತದೆ. ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಹುಟ್ಟಿದ್ದು 1945ರಲ್ಲಿ, ಬೆಂಗಳೂರಿನಲ್ಲಿ. ಅದೇ ವರ್ಷ ಮುಂಬೈಗೆ ಹೋಯಿತು. ಅಲ್ಲಿನವರು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣ ಅಳೆಯಲು ಕೆಜಿಎಫ್ ಗಣಿಗೆ ಇಳಿದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು ವಿದ್ಯಾರ್ಥಿಯಾಗಿದ್ದಾಗಲೇ ಇಳಿದವರು, ಮುಂದೆ 1975ರಿಂದ 1987ರವರೆಗೆ ಟಿಐಎಫ್‌ಆರ್ ನಿರ್ದೇಶಕರಾದರು. 1965ರಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ಸೇರಿ ವಾತಾವರಣದ ನ್ಯೂಟ್ರಿನೊಗಳ, ಅಂದರೆ ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ಅತಿ ಸಣ್ಣ ಕಣಗಳ, ಗುರುತು ಹಿಡಿದರು. ಗಣಿ ಮೊದಲೇ ಇತ್ತು, ಕಾರ್ಮಿಕರು ಜೊತೆಗಿದ್ದರು, ಯಾರ ಹೊಲವನ್ನೂ ಕೇಳಬೇಕಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು. ಹೊಸ ನ್ಯೂಟ್ರಿನೊ ಪ್ರಯೋಗಾಲಯಕ್ಕೆ ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟ ಆರಿಸಿದರು. 50,000 ಟನ್ ಕಬ್ಬಿಣದ ಡಿಟೆಕ್ಟರ್, ಸುಮಾರು 1,500 ಕೋಟಿ, 2015ರಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ. ನ್ಯೂಟ್ರಿನೊಗಳು ನಮ್ಮ ಮೈಯೊಳಗಿಂದ ಪ್ರತಿ ಕ್ಷಣ ಕೋಟಿಗಟ್ಟಲೆ ಹಾದುಹೋಗುತ್ತಲೇ ಇವೆ, ಅವುಗಳಿಂದ ಏನೂ ಆಗುವುದಿಲ್ಲ. ಫಿಸಿಕ್ಸ್‌ನವರಿಗೆ ಇದು ಗೊತ್ತು. ಊರಿನವರು ಕೇಳಿದ್ದು ಬೆಟ್ಟ ಕೊರೆಯುವುದು, ನೀರು, ಕಾಡು, ದನ ಮೇಯುವ ಜಾಗ. ರಾಜ್ಯ ಸರ್ಕಾರ ಒಪ್ಪಲಿಲ್ಲ, ಕೆಲಸ ನಿಂತಿತು. ಒಬ್ಬ ಫಿಸಿಸಿಸ್ಟ್ ಆಗಿ ನನಗೆ ಇದು ದೊಡ್ಡ ನೋವು. ಆದರೆ ಸಲಹೆ ಕೊಡಲು ಕೂತಾಗ ನಾನು ಆ ಊರಿನವರ ಪ್ರಶ್ನೆಯನ್ನೂ ಅಳತೆಯ ಪ್ರಶ್ನೆ ಅಂತಲೇ ನೋಡುತ್ತೇನೆ. ಬಾವಿ ನೀರು ಎಷ್ಟು ಇಳಿಯುತ್ತದೆ? ಅಳೆಯಿರಿ, ಅವರೆದುರೇ ಅಳೆಯಿರಿ, ಕೆಲಸ ಶುರುವಾಗುವ ಮೊದಲೇ ಅಳೆಯಿರಿ.

ನಮ್ಮ ಪುಣೆ ಪಕ್ಕದ ಖೊಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ದೊಡ್ಡ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ 30 ಡಿಶ್‌ಗಳು. ಪುಣೆ-ನಾಸಿಕ್ ಹೊಸ ರೈಲು ದಾರಿಯ ಮಾತು ಬಂದಾಗ ವಿಷಯ ತಿರುವುಮುರುವು, ಊರಿಗೆ ರೈಲು ಬೇಕು, ದೂರದರ್ಶಕಕ್ಕೆ ರೇಡಿಯೋ ಸದ್ದಿಲ್ಲದ ಜಾಗ ಬೇಕು. ಇಂಥ ಕಡೆ ವಿಜ್ಞಾನದವರು "ನಮ್ಮದು ರಾಷ್ಟ್ರೀಯ ಮಹತ್ವದ್ದು" ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಯಾವ ದೂರದಲ್ಲಿ ಎಷ್ಟು ತೊಂದರೆ ಅಂತ ನಕ್ಷೆ ಮೇಲೆ ತೋರಿಸಬೇಕು. ತಾಳ್ಮೆಯೂ ಬೇಕು. ಗುರುತ್ವದ ಅಲೆಗಳನ್ನು ಹಿಡಿಯಲು ಹಿಂಗೋಲಿಯಲ್ಲಿ ಕಟ್ಟುವ ಲೈಗೋ-ಇಂಡಿಯಾಗೆ ತಾತ್ವಿಕ ಒಪ್ಪಿಗೆ 2016ರಲ್ಲಿ ಸಿಕ್ಕಿತು, 2,600 ಕೋಟಿಯ ಪೂರ್ತಿ ಒಪ್ಪಿಗೆ 2023ರ ಏಪ್ರಿಲ್‌ನಲ್ಲಿ.

ನೀವು ಈ ಕಡೆ ಬರಬೇಕು ಅಂತಿದ್ದರೆ ಎಲ್ಲಿಂದ ಶುರು ಮಾಡಬೇಕು? ಪಠ್ಯಕ್ರಮ ಮಾಡುವ ಬೋರ್ಡ್ ಆಫ್ ಸ್ಟಡೀಸ್‌ಗೆ ಹೋಗಿ. ಪರೀಕ್ಷಾ ಕೆಲಸ ಒಲ್ಲೆ ಅನ್ನಬೇಡಿ. ನ್ಯಾಕ್ ವರದಿ ಬರೆಯುವ ಕೆಲಸ ಯಾರೂ ತೆಗೆದುಕೊಳ್ಳುವುದಿಲ್ಲ, ನೀವು ತೆಗೆದುಕೊಳ್ಳಿ, ಇಡೀ ಸಂಸ್ಥೆಯ ಅಂಕಿಗಳು ಒಂದೇ ಸಲ ಕೈಗೆ ಸಿಗುತ್ತವೆ. ಮರಾಠಿ ಕಲಿಯಿರಿ, ಮಾತಾಡುವಷ್ಟಲ್ಲ, ಜಿಆರ್ ಓದುವಷ್ಟು, ಟಿಪ್ಪಣಿ ಬರೆಯುವಷ್ಟು. ಸರ್ಕಾರದ ಕಡತ ಇಲ್ಲಿ ನಡೆಯುವುದೇ ಮರಾಠಿಯಲ್ಲಿ. ನಿಮಗೆ ಗೊತ್ತಿಲ್ಲದ ವಿಷಯದ ಸಮಿತಿಗೆ ಕರೆದರೆ ಗೊತ್ತಿರುವವರ ಹೆಸರು ಹೇಳಿ, ನೀವು ಹೋಗಬೇಡಿ. ನಾನು ಹಾಗೆ ಬಿಟ್ಟವು ಹಲವು ಇವೆ. ಅದರಿಂದ ಮುಂದೆ ಕರೆ ಕಡಿಮೆ ಆಗಲಿಲ್ಲ.

ಸಿಎಚ್‌ಬಿ ಶಿಕ್ಷಕರ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. ನಿವೃತ್ತಿ ಆದ ಮೇಲೆ ನಾನು ಹೆಚ್ಚು ಸಮಯ ಕೊಡುತ್ತಿರುವುದು ಇದಕ್ಕೇ. ಅವರಿಗೆ ಕೊಡುವ ದರದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆದರೆ ಒಂದು ಗಂಟೆ ಪಾಠಕ್ಕೆ ಹಿಂದೆ ಮುಂದೆ ಎಷ್ಟು ಗಂಟೆ ತಯಾರಿ, ಎಷ್ಟು ಪತ್ರಿಕೆ ತಿದ್ದುವುದು, ಎಷ್ಟು ಬಸ್ ಪ್ರಯಾಣ ಅನ್ನುವುದು ಯಾವ ಕಡತದಲ್ಲೂ ಇಲ್ಲ. ಅದನ್ನೇ ಈಗ ಕೂಡಿಸುತ್ತಿದ್ದೇವೆ, ಉತ್ತರ ಪತ್ರಿಕೆ ಕಟ್ಟಿಗೆ ಚೀಟಿ ಅಂಟಿಸಿದ ಹಾಗೆಯೇ, ಶಿಕ್ಷಕರೇ ತಮ್ಮ ವಾರವನ್ನು ಬರೆದಿಟ್ಟುಕೊಳ್ಳುವ ಒಂದು ಹಾಳೆಯಲ್ಲಿ. ನೀವು ಪುಣೆಯಲ್ಲೋ, ಮುಂಬೈಯಲ್ಲೋ, ಸೊಲ್ಲಾಪುರದಲ್ಲೋ ಸಿಎಚ್‌ಬಿ ಮೇಲೆ ಪಾಠ ಮಾಡುತ್ತಿದ್ದರೆ ಇವತ್ತಿನಿಂದಲೇ ತಾರೀಕು ಹಾಕಿ ಬರೆಯಲು ಶುರು ಮಾಡಿ. ತಯಾರಿ ಬೇರೆ, ತರಗತಿ ಬೇರೆ, ತಿದ್ದುವುದು ಬೇರೆ, ಪ್ರಯಾಣ ಬೇರೆ. ಒಂದು ಸೆಮಿಸ್ಟರಿನದು ಪೂರ್ತಿ ಇರಬೇಕು, ನಡುವೆ ವಾರ ಬಿಟ್ಟರೆ ಹಣಕಾಸು ಇಲಾಖೆಯವರು ಒಪ್ಪುವುದಿಲ್ಲ.